ಎತ್ತಿಗೆ ಜ್ವರ ಬಂದ್ರೆ ಅನಲಿಸ್ಟ್‌ಗೆ ಬರೆ

ಹೋದ ತಿಂಗಳು ಒಂದು ಗುರುವಾರ, ನೈಟ್ ಶಿಫ್ಟ್ ಮುಗಿಸಿ ಪಿಜಿಗೆ ಹೋಗಿ ಮಲಗಿದ್ದ ನಮ್ಮ ಟೀಮಿನ ಹುಡುಗನೊಬ್ಬನನ್ನು ಫೋನ್ ಮಾಡಿ ಎಬ್ಬಿಸಿ ಆಫೀಸಿಗೆ ಕರೆಸಿದರು. ನಾಲ್ಕು ಗಂಟೆಗೆ ಮೀಟಿಂಗ್ ರೂಮಿನೊಳಗೆ ಹೋದ. ಒಳಗೆ ಎಚ್‌ಆರ್‌ನವರು ಇಬ್ಬರು. ಅವನಿಗೆ ಸಂಬಳ ಕೊಡುವ ವೆಂಡರ್ ಕಂಪನಿಯ ಕೋಆರ್ಡಿನೇಟರ್ ಸ್ಕ್ರೀನ್ ಮೇಲೆ. ನಾಲ್ಕೂ ಮುಕ್ಕಾಲಿಗೆ ಆಚೆ ಬಂದಾಗ ಕೊರಳಲ್ಲಿ ಐಡಿ ಕಾರ್ಡ್ ಇರಲಿಲ್ಲ. ಪಕ್ಕದಲ್ಲಿ ಗಾರ್ಡ್ ಇದ್ದ. ಡೆಸ್ಕಿನ ಮೇಲಿದ್ದ ಫೋನ್ ಚಾರ್ಜರ್, ನೀರಿನ ಬಾಟಲಿ, ಊರಿಂದ ಅವರಮ್ಮ ಕಳಿಸಿದ್ದ ಚಕ್ಕುಲಿ ಡಬ್ಬಿ ತಗೊಂಡು ಹೊರಟ. ಯಾರೂ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಕಂಪನಿ ಯಾವುದು ಅಂತ ಕೇಳ್ಬೇಡಿ. ನಾನಿನ್ನೂ ಅಲ್ಲೇ ಇದ್ದೀನಿ, ನನಗೂ ಇಎಂಐ ಇದೆ. ಬೆಳ್ಳಂದೂರಿಂದ ವೈಟ್‌ಫೀಲ್ಡ್‌ವರೆಗೆ ಯಾವ ಗಾಜಿನ ಕಟ್ಟಡ ತೋರಿಸಿದರೂ ಕತೆ ಹೆಚ್ಚುಕಮ್ಮಿ ಇದೇ ಅನ್ನೋದು ಇಷ್ಟು ವರ್ಷ ಈ ಕೆಲಸ ಮಾಡಿದ ನನ್ನ ಅನುಭವ.

ಅವನ ಕೆಲಸ ಏನು ಅಂತ ಹೇಳ್ತೀನಿ. ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್ ಅಂತ ಒಂದಿರುತ್ತೆ, ನಾವು ಚಿಕ್ಕದಾಗಿ 'ಸಾಕ್' ಅಂತೀವಿ. ಅಲ್ಲಿ ಒಂದು ವರ್ಷ ಕೂತವನು ಸಾಕಪ್ಪಾ ಸಾಕು ಅಂತಾನೆ, ಹೆಸರು ಸರಿಯಾಗೇ ಇದೆ. ಕಂಪನಿಯ ಅಷ್ಟೂ ಸರ್ವರ್, ಲ್ಯಾಪ್‌ಟಾಪ್, ಫೈರ್‌ವಾಲ್‌ಗಳಿಂದ ಅಲರ್ಟ್‌ಗಳು ಬಂದು ಬೀಳ್ತಾ ಇರುತ್ತವೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹುಸಿ. ಆದರೆ ಪ್ರತಿಯೊಂದನ್ನೂ ತೆಗೆದು ನೋಡಿ, ಹುಸಿ ಅಂತ ಕಾರಣ ಬರೆದು, ಟಿಕೆಟ್ ಮುಚ್ಚಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಆರೂವರೆವರೆಗೆ. ಎಷ್ಟು ಟಿಕೆಟ್ ಮುಚ್ಚಿದೆ ಅನ್ನೋದರ ಮೇಲೆ ರೇಟಿಂಗ್. ನಿಧಾನವಾಗಿ ಒಂದನ್ನೇ ಕೆದಕಿದರೆ 'ಪ್ರೊಡಕ್ಟಿವಿಟಿ ಕಮ್ಮಿ', ಬೇಗ ಮುಚ್ಚಿದರೆ ನಾಳೆ ಏನಾದರೂ ಆದಾಗ 'ಸರಿಯಾಗಿ ನೋಡಲಿಲ್ಲ'.

ಈಗ ನಡೆದದ್ದು. ನಮ್ಮಲ್ಲೊಂದು ಹಳೇ ಸರ್ವರ್ ಇತ್ತು, ಒಬ್ಬ ಕ್ಲೈಂಟಿನ ಜೊತೆ ಫೈಲ್ ಹಂಚಿಕೊಳ್ಳೋಕೆ ಅಂತ ಇಟ್ಟಿದ್ದು. ನೇರ ಇಂಟರ್ನೆಟ್‌ಗೆ ತೆರೆದುಕೊಂಡಿತ್ತು, ಪ್ಯಾಚ್ ಹಾಕದೆ ತಿಂಗಳುಗಳಾಗಿತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ ಕೆಂಪು ಬಣ್ಣದಲ್ಲಿ ಎದ್ದು ಕಾಣ್ತಾ ಇತ್ತು. ಈ ಹುಡುಗ ಟಿಕೆಟ್ ಹಾಕಿದ. ಅಪ್ಲಿಕೇಷನ್ ಟೀಮಿನವರು 'ರಿಲೀಸ್ ಹತ್ತಿರ ಇದೆ, ಈಗ ಮುಟ್ಟೋಕಾಗಲ್ಲ' ಅಂದರು. ಇನ್ನೊಮ್ಮೆ ಹಾಕಿದ. 'ಕ್ಲೈಂಟ್ ಒಪ್ಪಿಗೆ ಬೇಕು' ಅಂದರು. ಮೂರನೇ ಸಲ ಹಾಕಿದಾಗ ಮೇಲಿನವರೊಬ್ಬರು ಕಾಲ್‌ನಲ್ಲಿ, 'ರಿಸ್ಕ್ ಆಕ್ಸೆಪ್ಟೆಡ್, ಮುಂದಿನ ಕ್ವಾರ್ಟರ್ ನೋಡೋಣ' ಅಂದರು. ಕಾಲ್‌ನಲ್ಲಿ ಅಂದರು, ಬರೆದು ಕೊಡಲಿಲ್ಲ. ಬರೆದು ಕೊಡಿ ಅಂತ ಕೇಳೋಕೆ ಎರಡೂವರೆ ವರ್ಷ ಅನುಭವದ, ವೆಂಡರ್ ಪೇರೋಲ್ ಹುಡುಗನಿಗೆ ಯಾವ ಧೈರ್ಯ ಬರುತ್ತೆ ಹೇಳಿ?

ಆ ವಾರದ ಸೋಮವಾರ ರಾತ್ರಿ ಎರಡೂ ಮುಕ್ಕಾಲಿಗೆ ಅದೇ ಸರ್ವರ್‌ನಿಂದ ಅಲರ್ಟ್ ಬಂತು. ಹುಡುಗ ನೋಡಿದ, ಅನುಮಾನ ಬಂತು, ಮೇಲಿನ ಲೆವೆಲ್‌ನವರಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಮೂವತ್ತೈದು ನಿಮಿಷ ಆಯ್ತು. ಅಷ್ಟೊತ್ತಿಗೆ ಅವನೇ ಆ ಸರ್ವರನ್ನು ನೆಟ್‌ವರ್ಕಿನಿಂದ ಕಿತ್ತು ಹಾಕಬಹುದಿತ್ತಲ್ಲ ಅಂತೀರಿ. ಆಗಲ್ಲ. ಅದು 'ಬಿಸಿನೆಸ್ ಕ್ರಿಟಿಕಲ್' ಪಟ್ಟಿಯಲ್ಲಿತ್ತು, ಮುಟ್ಟೋಕೆ ಮ್ಯಾನೇಜರ್ ಅನುಮತಿ ಬೇಕು. ಬೆಂಕಿ ಬಿದ್ದಿದೆ ಅಂತ ಕೂಗೋಕೆ ಇಟ್ಟುಕೊಂಡವನಿಗೆ ನೀರಿನ ನಲ್ಲಿ ತಿರುಗಿಸೋ ಅಧಿಕಾರ ಕೊಟ್ಟಿರಲಿಲ್ಲ. ಬೆಳಗಾಗೋದರೊಳಗೆ ಫೈಲ್‌ಗಳು ಹೋಗಿದ್ದವು.

ಬುಧವಾರ ಆರ್‌ಸಿಎ ಕಾಲ್. ಅಂದರೆ ಮೂಲ ಕಾರಣ ಹುಡುಕೋ ಶಾಸ್ತ್ರ. ಹದಿನಾರು ಜನ ಇದ್ದೆವು. ಪ್ಯಾಚ್ ಯಾಕೆ ಹಾಕಲಿಲ್ಲ ಅನ್ನೋ ಪ್ರಶ್ನೆ ಒಂದು ಸಲ ಬಂತು, 'ಅದನ್ನ ಆಫ್‌ಲೈನ್ ಮಾತಾಡೋಣ' ಅಂತ ಒಬ್ಬರು ಅಂದರು, ಅಲ್ಲಿಗೆ ಮುಗೀತು. ಕಡೆಗೆ ಫಾರ್ಮಿನ 'ಮೂಲ ಕಾರಣ' ಕಾಲಂನಲ್ಲಿ ಬಂದದ್ದು: ಮಾನವ ದೋಷ, ಶಿಫ್ಟ್ ಅನಲಿಸ್ಟ್ ಸಕಾಲದಲ್ಲಿ ಎಸ್ಕಲೇಟ್ ಮಾಡಲಿಲ್ಲ. ಹಾಗಂತ ಟೈಪ್ ಮಾಡಿದ್ದು ನಾನು. ಸ್ಕ್ರೀನ್ ಶೇರ್ ಮಾಡ್ತಾ ಇದ್ದದ್ದು ನಾನು, ಹೇಳಿದ್ದು ಇನ್ನೊಬ್ಬರು. ಆ ಸಾಲಿಗೆ ಫುಲ್‌ಸ್ಟಾಪ್ ಇಟ್ಟ ಬೆರಳು ಮಾತ್ರ ನನ್ನದೇ. ಈ ಲೇಖನ ಬರೀತಿರೋದು ಅದಕ್ಕೇ ಅಂತ ಬೇಕಾದರೆ ಅಂದುಕೊಳ್ಳಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅಂತ ನಮ್ಮಜ್ಜಿ ಹೇಳ್ತಿದ್ದರು. ಇದು ಬರೀ ನಮ್ಮೂರ ಕೊಟ್ಟಿಗೆಯ ಕತೆ ಅಲ್ಲ, ದೊಡ್ಡ ದೊಡ್ಡವರ ಕೊಟ್ಟಿಗೆಯಲ್ಲೂ ಬರೆ ಹಾಕೋದು ಎಮ್ಮೆಗೇನೇ.

2017ರ ಈಕ್ವಿಫ್ಯಾಕ್ಸ್ ಪ್ರಕರಣ ನೋಡಿ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳೋ ಅಮೆರಿಕದ ಕಂಪನಿ, ನಮ್ಮ ಸಿಬಿಲ್ ಥರ. ಆ ವರ್ಷ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ದೊಡ್ಡ ತೂತು ಇದೆ ಅಂತ ಗೊತ್ತಾಯಿತು, ಪ್ಯಾಚ್ ಕೂಡ ಬಂತು. ಕಂಪನಿಯೊಳಗೆ 400ಕ್ಕೂ ಹೆಚ್ಚು ಜನಕ್ಕೆ ಮೇಲ್ ಹೋಯಿತು. ಆದರೂ ಗ್ರಾಹಕರ ತಕರಾರು ತಗೊಳ್ಳೋ ಪೋರ್ಟಲ್‌ಗೆ ಪ್ಯಾಚ್ ಬೀಳಲಿಲ್ಲ. ಮೇ ತಿಂಗಳಲ್ಲಿ ಒಳಗೆ ನುಗ್ಗಿದವರು ಜುಲೈ ಕೊನೆಯವರೆಗೂ ಆರಾಮಾಗಿ ಇದ್ದರು. ಆ ಕಡೆ ಹೋಗಿಬರೋ ಟ್ರಾಫಿಕ್ ಪರೀಕ್ಷಿಸಬೇಕಾದ ಯಂತ್ರದ ಸರ್ಟಿಫಿಕೇಟ್ ಅವಧಿ ಮುಗಿದು ಒಂದೂವರೆ ವರ್ಷ ದಾಟಿತ್ತು, ಯಾರೂ ನವೀಕರಿಸಿರಲಿಲ್ಲ. ಅಂದರೆ ಕಾವಲಿನ ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿದ ಹಾಗೆ. ಜುಲೈ 29ರಂದು ಸರ್ಟಿಫಿಕೇಟ್ ಹೊಸದು ಹಾಕುತ್ತಿದ್ದಂತೆಯೇ ಕಳ್ಳರು ಕಾಣಿಸಿದರು. ಅಷ್ಟರಲ್ಲಿ 14 ಕೋಟಿಗೂ ಮೇಲ್ಪಟ್ಟ ಜನರ ವಿವರ ಹೊರಗೆ ಹೋಗಿತ್ತು.

ಇಷ್ಟು ಕಡೆ ಇಷ್ಟು ಜನ ತಪ್ಪಿದ್ದಾರೆ, ಅಲ್ವಾ? ಅಕ್ಟೋಬರ್ 3ರಂದು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ, ಆಗಷ್ಟೇ ಹುದ್ದೆ ಬಿಟ್ಟಿದ್ದ ಸಿಇಒ ರಿಚರ್ಡ್ ಸ್ಮಿತ್ ಕೊಟ್ಟ ಕಾರಣ ಏನು ಗೊತ್ತಾ? ಪ್ಯಾಚ್ ಹಾಕಬೇಕಾದವರಿಗೆ ಒಬ್ಬ ವ್ಯಕ್ತಿ ವಿಷಯ ಮುಟ್ಟಿಸಲಿಲ್ಲ ಅಂತ. ಒಬ್ಬ! ಅದರ ಹಿಂದಿನ ದಿನವೇ ಒಬ್ಬ ಹಿರಿಯ ಅಧಿಕಾರಿಯನ್ನು ಕೆಲಸದಿಂದ ತೆಗೆದಿದ್ದರು. ಮೇಲ್ ಮುಂದಕ್ಕೆ ಕಳಿಸಲಿಲ್ಲ ಅನ್ನೋದೇ ಕಾರಣ. ಆ ಮೇಲ್ ಹೋದ 400ಕ್ಕೂ ಹೆಚ್ಚು ಜನರಲ್ಲಿ ಆತನೂ ಒಬ್ಬ, ಅಷ್ಟೇ. ಸಿಇಒ, ಸಿಐಒ, ಭದ್ರತಾ ಮುಖ್ಯಸ್ಥೆ ಮೂವರದೂ 'ನಿವೃತ್ತಿ'. ಅವನದು ಮಾತ್ರ ವಜಾ. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಬಂದ ಸಂಸದೀಯ ಸಮಿತಿಯ ವರದಿ, ಇದು ಪೂರ್ತಿ ತಪ್ಪಿಸಬಹುದಾಗಿದ್ದ ಅನಾಹುತ, ಹೊಣೆ ಯಾರದು ಅನ್ನೋ ವ್ಯವಸ್ಥೆಯೇ ಅಲ್ಲಿ ಸರಿ ಇರಲಿಲ್ಲ ಅಂತ ಬರೆಯಿತು. ವರದಿ ಬಂದಿದ್ದು ಒಂದು ವರ್ಷ ಎರಡು ತಿಂಗಳು ಆದಮೇಲೆ.

ಸೋಲಾರ್‌ವಿಂಡ್ಸ್‌ನಲ್ಲಂತೂ ಇನ್ನೂ ಚೆಂದ. 2021ರ ಫೆಬ್ರುವರಿಯ ವಿಚಾರಣೆಯಲ್ಲಿ, 'ಸೋಲಾರ್‌ವಿಂಡ್ಸ್123' ಅನ್ನೋ ಪಾಸ್‌ವರ್ಡ್ ಹೊರಗೆ ಸಿಕ್ಕಿತ್ತಲ್ಲ ಅಂತ ಕೇಳಿದಾಗ ಹಿಂದಿನ ಸಿಇಒ ತೋರಿಸಿದ ಬೆರಳು ಒಬ್ಬ ಇಂಟರ್ನ್ ಕಡೆಗೆ. ಪ್ರಪಂಚದ ಸರ್ಕಾರಗಳಿಗೆಲ್ಲ ಸಾಫ್ಟ್‌ವೇರ್ ಮಾರೋ ಕಂಪನಿಯಲ್ಲಿ ಇಂಟರ್ನ್ ಹಾಕಿದ ಪಾಸ್‌ವರ್ಡನ್ನು ಯಾರೂ ನೋಡಲಿಲ್ಲವಾ ಅಂತ ಕೇಳಬಾರದು.

ನ್ಯಾಯವಾಗಿ ಒಂದು ಮಾತು. ಸೆಕ್ಯುರಿಟಿಯವರೆಲ್ಲ ಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ. ಉಬರ್‌ನ ಭದ್ರತಾ ಮುಖ್ಯಸ್ಥನಾಗಿದ್ದ ಜೋ ಸಲಿವನ್, 2016ರಲ್ಲಿ 5 ಕೋಟಿ 70 ಲಕ್ಷ ಜನರ ಮಾಹಿತಿ ಕದ್ದವರಿಗೆ 1 ಲಕ್ಷ ಡಾಲರ್ ಕೊಟ್ಟು, ಅದನ್ನು ಬಗ್ ಬೌಂಟಿ ಬಹುಮಾನದ ಲೆಕ್ಕಕ್ಕೆ ಸೇರಿಸಿ, ಸರ್ಕಾರಕ್ಕೆ ಹೇಳದೆ ಮುಚ್ಚಿಟ್ಟ ಪ್ರಕರಣದಲ್ಲಿ 2022ರಲ್ಲಿ ತಪ್ಪಿತಸ್ಥ ಅಂತ ತೀರ್ಮಾನ ಆಯ್ತು. ಅವನ ಪರ ನಾನು ವಕಾಲತ್ತು ವಹಿಸಲ್ಲ. ನೈಟ್ ಶಿಫ್ಟ್‌ನಲ್ಲಿ ಎರಡನೇ ಸ್ಕ್ರೀನ್ ಮೇಲೆ ಸಿನಿಮಾ ಹಾಕ್ಕೊಂಡು ಅಲರ್ಟ್‌ಗಳನ್ನು ಸಾರಾಸಗಟಾಗಿ ಮುಚ್ಚಿದವರನ್ನೂ ನಾನು ಕಂಡಿದ್ದೀನಿ. ಆದರೆ ಯಾರು ಮುಚ್ಚಿಟ್ಟರು, ಯಾರು ಕೂಗಿ ಹೇಳಿದರು ಅನ್ನೋದು ಗೊತ್ತಾಗೋದು ವಿಚಾರಣೆ ಮಾಡಿದಾಗ. ಸಲಿವನ್‌ಗೆ ಜೂರಿ ಇತ್ತು, ವಕೀಲರಿದ್ದರು, ಸಾಕ್ಷಿ ಹೇಳೋಕೆ ಅವಕಾಶ ಇತ್ತು, ಜೈಲೂ ಆಗಲಿಲ್ಲ. ನಮ್ಮ ಹುಡುಗನಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯಲ್ಲಿ ಏನು ನಡೀತು ಅಂತ ಅವನು ಆಮೇಲೆ ಹೇಳಿದ. 'ನೀನೇ ರಿಸೈನ್ ಮಾಡಿದ ಹಾಗೆ ಬರೆದುಕೊಡು, ರಿಲೀವಿಂಗ್ ಲೆಟರ್ ಕ್ಲೀನಾಗಿ ಕೊಡ್ತೀವಿ. ಇಲ್ಲಾಂದ್ರೆ ಟರ್ಮಿನೇಷನ್ ಅಂತ ರೆಕಾರ್ಡ್ ಆಗುತ್ತೆ' ಅಂದರಂತೆ. ಮೇಲ್‌ನ ಒಕ್ಕಣೆಯೂ ಅವರದೇ. 'ವೈಯಕ್ತಿಕ ಕಾರಣಗಳಿಗಾಗಿ' ಅಂತ. ನಾವು ಬಿಡಬೇಕಾದರೆ 90 ದಿನ ನೋಟಿಸ್ ಕೊಡಬೇಕು, ಅವರು ಬಿಡಿಸಬೇಕಾದರೆ ಸಂಜೆ ಕಾಫಿಗೆ ಮುಂಚೆ ಮುಗಿಯುತ್ತೆ.

'ನಾನು ಮೂರು ಸಲ ಟಿಕೆಟ್ ಹಾಕಿದ್ದೀನಿ ಸರ್, ಫೋನ್ ಮಾಡಿದ್ದಕ್ಕೆ ಲಾಗ್ ಇದೆ' ಅಂದನಂತೆ. ತೋರಿಸು ಅಂದರಂತೆ. ಎಲ್ಲಿಂದ ತೋರಿಸ್ತಾನೆ? ಅವನು ರೂಮಿನೊಳಗೆ ಕಾಲಿಡೋ ಹೊತ್ತಿಗೆ ಅಕೌಂಟ್ ಡಿಸೇಬಲ್ ಆಗಿತ್ತು, ಲ್ಯಾಪ್‌ಟಾಪ್ ವಾಪಸ್ ಹೋಗಿತ್ತು. ಇದರಲ್ಲೊಂದು ಕ್ರೂರ ತಮಾಷೆ ಇದೆ, ಬೇರೆ ಇಲಾಖೆಯವರಿಗೆ ಇದು ಹೊಳೆಯಲ್ಲ. ತನ್ನ ಪರ ಇರೋ ಮೇಲ್‌ಗಳನ್ನು ಮುಂಚೆಯೇ ಪರ್ಸನಲ್ ಐಡಿಗೆ ಕಳಿಸಿಕೊಳ್ಳಬಹುದಿತ್ತಲ್ಲ ಅಂತ ಅಕೌಂಟ್ಸ್‌ನಲ್ಲಿರೋ ನನ್ನ ಗೆಳೆಯ ಕೇಳಿದ. ಹಾಗೆ ಕಳಿಸಿದರೆ ಅದೇ ಡೇಟಾ ಕಳವು. ಯಾರಾದರೂ ಹಾಗೆ ಕಳಿಸಿದರೆ ಹಿಡಿದುಕೊಡೋದು ಇದೇ ಹುಡುಗನ ಕೆಲಸ, ಆ ಅಲರ್ಟ್ ಅವನ ಸ್ಕ್ರೀನಿಗೇ ಬರೋದು! ಪಾಲಿಸಿಯನ್ನು ಕಂಪನಿಯಲ್ಲಿ ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸಿದವನು ಅವನು. ಅದಕ್ಕೇ ಕೈಯಲ್ಲಿ ಒಂದು ಚೀಟಿಯೂ ಉಳಿಯಲಿಲ್ಲ.

ಇದು ಹೇಗೆ ಸಾಧ್ಯ, ಕಾನೂನು ಇಲ್ವಾ ಅಂತ ಕೇಳ್ತೀರಿ. 2025ರ ನವೆಂಬರ್‌ವರೆಗೆ ಇತ್ತು. 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ ಅಂತ. ಅದರ ಪ್ರಕಾರ ದುರ್ನಡತೆಯ ಆರೋಪ ಹೊರಿಸಿ ತೆಗೆಯಬೇಕಾದರೆ ಆರೋಪವನ್ನು ಬರೆದು ಕೊಡಬೇಕಿತ್ತು, ಉತ್ತರ ಹೇಳೋಕೆ ಅವಕಾಶ ಕೊಡಬೇಕಿತ್ತು. ವಿಚಾರಣೆ ಮುಗಿಯೋವರೆಗೆ ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಓಡಿಸೋ ಕಾರ್ಮಿಕನಿಗೆ ಈ ರಕ್ಷಣೆ ಇತ್ತು. ನಮಗಿರಲಿಲ್ಲ. ಯಾಕಂದ್ರೆ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತ್ತು. 2014ರಲ್ಲಿ ಐದು ವರ್ಷಕ್ಕೆ, 2019ರಲ್ಲಿ ಮತ್ತೈದು ವರ್ಷಕ್ಕೆ, 2024ರಲ್ಲಿ ಮತ್ತೂ ಐದು ವರ್ಷಕ್ಕೆ. ಪಕ್ಷ ಯಾವುದೇ ಇರಲಿ, ಈ ಒಂದು ವಿಷಯದಲ್ಲಿ ಎಲ್ಲರಿಗೂ ಒಮ್ಮತ.

ವಿನಾಯಿತಿಗೆ ಷರತ್ತುಗಳೂ ಇದ್ದವು. ಮಾಲೀಕರು, ನೌಕರರು ಸಮಸಂಖ್ಯೆಯಲ್ಲಿರೋ ಕುಂದುಕೊರತೆ ಸಮಿತಿ ಇರಬೇಕಿತ್ತು. ಸಸ್ಪೆನ್ಷನ್, ವಜಾ, ಹಿಂಬಡ್ತಿ ಇಂಥ ಕ್ರಮ ತಗೊಂಡರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕಿತ್ತು. ಈಗ ಗೊತ್ತಾಯ್ತಾ, 'ನೀನೇ ರಿಸೈನ್ ಮಾಡು' ಅಂತ ಯಾಕೆ ಅಷ್ಟು ಪ್ರೀತಿಯಿಂದ ಹೇಳ್ತಾರೆ ಅಂತ? ರಾಜೀನಾಮೆಯನ್ನು ಯಾವ ಇಲಾಖೆಗೂ ತಿಳಿಸಬೇಕಿಲ್ಲ. ನಿಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪರ ಯಾರಿದ್ದಾರೆ ಅಂತ ನಾಳೆ ಹೋಗಿ ಕೇಳಿ ನೋಡಿ. ನಾನು ಕೇಳಿದೆ. 'ಪೋರ್ಟಲ್‌ನಲ್ಲಿ ಇರುತ್ತೆ' ಅಂದರು. ಇನ್ನೂ ಹುಡುಕ್ತಾ ಇದ್ದೀನಿ.

'ಲಕ್ಷಗಟ್ಟಲೆ ಸಂಬಳ ತಗೋತೀರಿ, ನಿಮಗ್ಯಾಕ್ರೀ ಕಾರ್ಮಿಕ ಕಾನೂನು' ಅಂತ ನಮ್ಮ ಮಾವನೇ ಕೇಳಿದರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ಯೂನಿಯನ್ ನೆರಳಲ್ಲಿ ದುಡಿದು ಪೆನ್ಷನ್ ತಗೊಳ್ಳೋವವರು. ನೈಟ್ ಶಿಫ್ಟ್‌ನ ವೆಂಡರ್ ಪೇರೋಲ್ ಹುಡುಗರ ಸಂಬಳದ ಸ್ಲಿಪ್ ನೋಡಿದರೆ ಮಾವನವರು ಆ ಲಕ್ಷದ ಮಾತು ಬಿಡ್ತಾರೆ. ಇನ್ನು ಕೆಲವರು, 'ಸೈಬರ್ ಸೆಕ್ಯುರಿಟಿಗೆ ಭಾರೀ ಡಿಮ್ಯಾಂಡ್ ಇದೆಯಂತೆ, ಇಲ್ಲಿ ಬಿಟ್ಟರೆ ಅಲ್ಲಿ' ಅಂತಾರೆ. ಡಿಮ್ಯಾಂಡ್ ಇರೋದು ನಿಜ. ಆದರೆ ನಮ್ಮ ಕೆಲಸಕ್ಕೆ ತಗೊಳ್ಳೋವಾಗ ಹಿನ್ನೆಲೆ ತಪಾಸಣೆ ಬೇರೆಯವರಿಗಿಂತ ಬಿಗಿ. ಅಡ್ಮಿನ್ ಪಾಸ್‌ವರ್ಡ್ ಕೈಗೆ ಕೊಡಬೇಕಲ್ಲ! 'ಆ ಇನ್ಸಿಡೆಂಟ್‌ನಲ್ಲಿ ಇದ್ದ ಹುಡುಗ' ಅಂತ ಒಂದು ಪಿಸುಮಾತು ಹೋದರೆ ಸಾಕು, ಮೂರನೇ ರೌಂಡ್ ಮುಗಿದ ಮೇಲೆ ರಿಪ್ಲೈ ಬರೋದು ನಿಂತುಹೋಗುತ್ತೆ. ಕೋಡಿನಲ್ಲಿ ಬಗ್ ಬಿಟ್ಟ ಡೆವಲಪರ್‌ಗೆ ಈ ಶಿಕ್ಷೆ ಇಲ್ಲ. ಬಗ್ ಬರೆದವನಿಗೆ ಪ್ರಮೋಷನ್, ಬಗ್ ಇದೆ ಅಂದವನಿಗೆ ಬರೆ ಅಂತ ಟೀಮಿನಲ್ಲಿ ಹೇಳಿಕೊಂಡು ನಗ್ತಿದ್ದೆವು. ಆ ಗುರುವಾರದ ನಂತರ ಯಾರೂ ಅದನ್ನ ಹೇಳಿಲ್ಲ.

ನಮ್ಮ ಕಷ್ಟ ನಮಗಿರಲಿ, ಇದರಲ್ಲಿ ನಿಮ್ಮ ಪಾಲೂ ಇದೆ. ನಿಮ್ಮ ಪ್ಯಾನ್ ನಂಬರು, ಆಸ್ಪತ್ರೆ ರಿಪೋರ್ಟು, ಸಂಬಳದ ವಿವರ ಇರೋದು ಈ ಸರ್ವರ್‌ಗಳಲ್ಲೇ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಮಾಡಬೇಕು. ಗಮನಕ್ಕೆ ಬರೋದು ಮೊದಲು ಯಾರಿಗೆ? ರಾತ್ರಿ ಎರಡೂ ಮುಕ್ಕಾಲಿಗೆ ಎಚ್ಚರ ಇರೋ ಆ ಒಬ್ಬನಿಗೆ. ಅವನು ಬಾಯಿಬಿಟ್ಟ ಗಳಿಗೆಯಿಂದ ಗಡಿಯಾರ ಶುರು. ಗುರುವಾರ ನಡೆದದ್ದನ್ನು ಪಕ್ಕದ ಡೆಸ್ಕಿನವನು ಕಣ್ಣಾರೆ ಕಂಡಿದ್ದಾನೆ. ಮುಂದಿನ ಸಲ ಅನುಮಾನದ ಅಲರ್ಟ್ ಬಂದಾಗ ಅವನ ಕೈ 'ಎಸ್ಕಲೇಟ್' ಬಟನ್ ಕಡೆ ಹೋಗುತ್ತಾ, 'ಹುಸಿ' ಅಂತ ಮುಚ್ಚೋ ಬಟನ್ ಕಡೆ ಹೋಗುತ್ತಾ? ಮುಚ್ಚಿದರೆ ಬಹುಶಃ ಯಾರಿಗೂ ಗೊತ್ತಾಗಲ್ಲ. ಎತ್ತಿ ಹೇಳಿದರೆ ಫಾರ್ಮಿನ ಮೇಲೆ ಅವನ ಹೆಸರು ಖಂಡಿತ ಬರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಸರಿಯಾಗಿ ಇಟ್ಟುಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಒಳ್ಳೇದೇ. ಆದರೆ ದಂಡ ದೊಡ್ಡದಾದಷ್ಟೂ ಕೆಳಗೆ ಒಂದು ಕತ್ತು ಹುಡುಕೋ ಆತುರವೂ ದೊಡ್ಡದಾಗುತ್ತೆ ಅಂತ ನನ್ನ ಭಯ.

ವಿಮಾನದವರಿಂದ ಕಲೀಬಹುದು. ಅಮೆರಿಕದಲ್ಲಿ 1976ರಿಂದ ಒಂದು ವ್ಯವಸ್ಥೆ ಇದೆ, ನಾಸಾ ನಡೆಸುತ್ತೆ. ಪೈಲಟ್ಟು, ಕಂಟ್ರೋಲರು ಯಾರೇ ಆಗಲಿ ತಮ್ಮ ತಪ್ಪನ್ನು ತಾವೇ ಬರೆದು ಕಳಿಸಬಹುದು, ಹೆಸರು ಗುಟ್ಟಾಗಿರುತ್ತೆ. ಅಲ್ಲಿ ತಪ್ಪು ಹೇಳಿಕೊಂಡವನು ಎಲ್ಲರಿಗೂ ಪಾಠ ಕೊಟ್ಟ ಹಾಗೆ. ನಮ್ಮಲ್ಲಿ ಬೇರೆಯವರ ತಪ್ಪು ಮೂರು ಸಲ ಹೇಳಿದವನಿಗೂ ಉಳಿಗಾಲ ಇಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಪ್ಯಾಚ್ ಈಗ ಬೇಡ ಅಂದವರು, ಬೇಡ ಅಂತ ಹೆಸರು ಹಾಕಿ, ಎಲ್ಲಿಯವರೆಗೆ ಬೇಡ ಅಂತ ತಾರೀಖು ಹಾಕಿ ಬರೆದು ಕೊಡಲಿ. 'ರಿಸ್ಕ್ ಆಕ್ಸೆಪ್ಟೆಡ್' ಅನ್ನೋ ಮಾತಿಗೆ ಕರ್ತೃ ಇರಲಿ, ಕನ್ನಡ ಮೇಷ್ಟ್ರು ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ. ರಾತ್ರಿ ಕಾವಲಿಗೆ ಕೂರಿಸಿದವನಿಗೆ ಬಾಗಿಲು ಹಾಕೋ ಅಧಿಕಾರ ಕೊಡಿ. ಅವನು ಹುಸಿ ಅನುಮಾನಕ್ಕೆ ಒಂದು ಗಂಟೆ ಸರ್ವರ್ ಕಿತ್ತರೆ ಆ ನಷ್ಟ ಕಂಪನಿ ಹೊರಲಿ. ತಪ್ಪು ಹೊರಿಸೋ ಮುಂಚೆ ಅವನದೇ ಮೇಲ್, ಅವನದೇ ಟಿಕೆಟ್, ಅವನದೇ ಫೋನ್ ಲಾಗ್ ಅವನ ಕೈಗೆ ಕೊಟ್ಟು ಉತ್ತರ ಕೇಳಿ. ಅದೇ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸರ್ವರ್ ಲಾಗ್‌ಗಳನ್ನು 180 ದಿನ ಜೋಪಾನ ಮಾಡ್ತೀರಲ್ಲ, ಮನುಷ್ಯನ ಲಾಗ್ ಒಂದು ವಾರ ಇಟ್ಟುಕೊಳ್ಳೋಕೆ ಏನು ಕಷ್ಟ?

ಇದನ್ನೆಲ್ಲ ಕಂಪನಿಗಳು ತಾವಾಗೇ ಕೊಡಲ್ಲ. ಯೂನಿಯನ್ ಅಂದ್ರೆ ನಮ್ಮಲ್ಲಿ ಮೂಗು ಮುರೀತಾರೆ, ಅದು ಫ್ಯಾಕ್ಟರಿಯವರದ್ದು ಅಂತ. ನಾನೂ ಮುರೀತಿದ್ದೆ. 2024ರ ಜುಲೈನಲ್ಲಿ ಐಟಿಯವರ ದಿನದ ದುಡಿಮೆಯನ್ನು ಹನ್ನೆರಡು ಗಂಟೆ ದಾಟಿಸೋ ಪ್ರಸ್ತಾಪ ಬಂದಾಗ ಬೀದಿಗಿಳಿದು ಬೇಡ ಅಂದದ್ದು ಕರ್ನಾಟಕ ರಾಜ್ಯ ಐಟಿ ಮತ್ತು ಐಟಿಇಎಸ್ ನೌಕರರ ಸಂಘ, ನಾವೆಲ್ಲ ವಾಟ್ಸಾಪಿನಲ್ಲಿ ಮೀಮ್ ಫಾರ್ವರ್ಡ್ ಮಾಡ್ತಾ ಕೂತಿದ್ದಾಗ. ಅದೇ ತಿಂಗಳು 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಬಣ್ಣಕ್ಕೆ ತಿರುಗಿದವಲ್ಲ, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರಲ್ಲ, ಆ ಶನಿವಾರ, ಭಾನುವಾರ ಎರಡೂ ದಿನ ಒಂದೊಂದೇ ಮೆಷಿನ್ ಎಬ್ಬಿಸ್ತಾ ಕೂತವರಲ್ಲಿ ಈ ಹುಡುಗನೂ ಇದ್ದ. ಸೋಮವಾರ ಅವನಿಗೊಂದು ಥ್ಯಾಂಕ್ಯೂ ಮೇಲ್ ಬಂದಿತ್ತು. ಆ ಮೇಲ್ ಕೂಡ ಈಗ ಅವನ ಹತ್ತಿರ ಇಲ್ಲ.

ಮೊನ್ನೆ ನನಗೊಂದು ಫೋನ್ ಬಂತು. ಹಿನ್ನೆಲೆ ತಪಾಸಣೆಯ ಏಜೆನ್ಸಿಯಿಂದ ಒಬ್ಬ ಹುಡುಗಿ. ಇವನು ಬೇರೆ ಕಡೆ ಅರ್ಜಿ ಹಾಕಿದ್ದಾನೆ, ರೆಫರೆನ್ಸ್‌ಗೆ ನನ್ನ ಹೆಸರು ಕೊಟ್ಟಿದ್ದಾನೆ. ಆರ್‌ಸಿಎ ಫಾರ್ಮ್ ಟೈಪ್ ಮಾಡಿದ್ದು ನಾನೇ ಅಂತ ಅವನಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಕೊಟ್ಟಿದ್ದಾನೆ. ಎಷ್ಟು ದಿನ ಕೆಲಸ ಮಾಡಿದರು, ನಡತೆ ಹೇಗೆ ಅಂತೆಲ್ಲ ಕೇಳಿ ಕೊನೆಗೆ, 'ಕೆಲಸ ಬಿಟ್ಟ ಕಾರಣ ಏನು ಅಂತ ಹಾಕ್ಲಿ ಸರ್?' ಅಂದಳು.

'ಮೂರು ಸಲ ಎಚ್ಚರಿಕೆ ಕೊಟ್ಟಿದ್ದರು, ಯಾರೂ ಕೇಳಲಿಲ್ಲ. ಕೇಳದವರಲ್ಲಿ ನಾನೂ ಒಬ್ಬ. ಹಾಗಂತ ಬರ್ಕೊಳ್ಳಿ ಮೇಡಂ' ಅಂದೆ.

ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು ಕೇಳಿಸಲಿಲ್ಲ. ಆಮೇಲೆ, 'ಇದರಲ್ಲಿ ಡ್ರಾಪ್‌ಡೌನ್ ಇದೆ ಸರ್, ಪರ್ಸನಲ್ ಅಂತ ಹಾಕ್ಲಾ?' ಅಂದಳು.